ಜೋಡಿಹಳ್ಳದ ಈಚಲುಗಳಿಗೆ ವರ ತಂದದ್ದು

೧೯೯೬ರ ಜೂನ್ ತಿಂಗಳಲ್ಲಿ ಕೂಡ್ಲಿಗಿ ಸೀಮೆಯ ಒಂದು ಅರಣ್ಯ ವಲಯಕ್ಕೆ ನನ್ನ ವರ್ಗವಾಯಿತು. ಹುದ್ದೆ ವಲಯ ಅರಣ್ಯಾಧಿಕಾರಿ. ಇಲಾಖೆಯವರು ಆರ್‌ಎಫ್‌ಒ ಎನ್ನುತ್ತೇವೆ, ಊರಿನವರು ‘ಫಾರೆಸ್ಟ್ ಸಾಹೇಬ್ರು’ ಎನ್ನುತ್ತಾರೆ. ಆಗ ನನಗೆ ನಲವತ್ತೆಂಟು ವರ್ಷ, ಅದರಲ್ಲಿ ಇಪ್ಪತ್ತೆರಡು ವರ್ಷ ಕಾಡಿನ ಕೆಲಸದಲ್ಲೇ ಕಳೆದಿತ್ತು. ಅಷ್ಟು ಹೊತ್ತಿಗೆ ನನಗೆ ಎರಡು ಕಾಯಿಲೆ ಗಟ್ಟಿಯಾಗಿ ಅಂಟಿಕೊಂಡಿದ್ದವು. ಒಂದು, ಮೂಗಿನ ತುದಿಯ ಕೋಪ. ಇನ್ನೊಂದು, ಕಣ್ಣಿಗೆ ಬಿದ್ದದ್ದಕ್ಕೆಲ್ಲ ನಂಬರ್ ಹಾಕಿ ನಕ್ಷೆ ಬರೆಯುವ ಚಟ. ಕೋಪ ನಿವೃತ್ತಿಯ ನಂತರ ಅರ್ಧ ಇಳಿದಿದೆ. ಚಟ ಇಳಿದಿಲ್ಲ, ಹಿತ್ತಲಿನ ಏಳು ತೆಂಗಿನ ಮರಕ್ಕೂ ಬಿಳಿ ಬಣ್ಣದಲ್ಲಿ ನಂಬರ್ ಬರೆದಿದ್ದೇನೆ, ಹೆಂಡತಿ ಇವತ್ತಿಗೂ ಬೈಯುತ್ತಾಳೆ.

ಈ ಎರಡೂ ಕಾಯಿಲೆ ಸೇರಿ ಒಂದು ಇಡೀ ಈಚಲವನದ ಹಣ್ಣನ್ನೂ ಹನ್ನೊಂದು ಮನೆಯವರ ಕಸುಬನ್ನೂ ನುಂಗಿಹಾಕುವುದಿತ್ತು. ನುಂಗದೆ ಹೇಗೆ ಉಳಿಯಿತು ಎಂಬುದನ್ನು ಹೇಳಬೇಕು. ಕಥೆಯಲ್ಲಿ ಪೆದ್ದನಾದವನು ನಾನೇ ಆದ್ದರಿಂದ ಯಾರಿಗೂ ಬೇಜಾರಾಗುವ ಭಯವಿಲ್ಲ.

ನನ್ನ ವಲಯದ ತೆಂಕಣ ತುದಿಯಲ್ಲಿ ಎರಡು ಹಳ್ಳಗಳು ಕೂಡುವ ಒಂದು ಜಾಗವಿತ್ತು. ಜೋಡಿಹಳ್ಳ ಎನ್ನುತ್ತಿದ್ದರು. ಸುತ್ತ ಬಂಡೆಗುಡ್ಡ, ಕುರುಚಲು ಕಾಡು. ನಡುವೆ ಮರಳು ಹಾಸಿದ ಹಳ್ಳದ ದಂಡೆಗುಂಟ ಈಚಲು ಮರಗಳ ಹಿಂಡು. ಬೇಸಿಗೆಯಲ್ಲಿ ಎಲ್ಲವೂ ಕಂದಾಗಿ ಒಣಗಿರುವಾಗ ಅಲ್ಲಿ ಮಾತ್ರ ಹಸಿರು. ಗರಿಗಳ ತುದಿಗೆ ಗೀಜಗನ ಗೂಡುಗಳು, ಒಣಗಿದ ಬೊಡ್ಡೆಗಳ ಪೊಟರೆಯಲ್ಲಿ ಗೂಬೆಗಳು, ಹಣ್ಣಿನ ಕಾಲಕ್ಕೆ ಪುನುಗುಬೆಕ್ಕು. ಎಲ್ಲಕ್ಕಿಂತ ಮುಖ್ಯವಾಗಿ ಕರಡಿ. ಗುಡ್ಡದ ಗವಿಗಳಲ್ಲಿ ಹಗಲು ಮಲಗುವ ಕರಡಿಗೆ ಮೇ, ಜೂನ್ ತಿಂಗಳಲ್ಲಿ ಈಚಲ ಹಣ್ಣೆಂದರೆ ಪ್ರಾಣ. ಆ ಎರಡು ತಿಂಗಳು ಹಣ್ಣು ಸಿಕ್ಕರೆ ಅದು ಗುಡ್ಡ ಬಿಟ್ಟು ಕದಲುವುದಿಲ್ಲ. ಸಿಗದಿದ್ದರೆ ಹೊಲಕ್ಕೆ, ಊರಿಗೆ ಬರುತ್ತದೆ.

ಈ ವನಕ್ಕೆ ಇನ್ನೊಂದು ಹಕ್ಕುದಾರರ ಗುಂಪೂ ಇತ್ತು. ಪಕ್ಕದ ಹಳ್ಳಿಯ ಹನ್ನೊಂದು ಮನೆಯವರು ತಲೆಮಾರುಗಳಿಂದ ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ ಇಲ್ಲಿ ನೀರಾ ಇಳಿಸಿ ಬೆಲ್ಲ ಕಾಸುತ್ತಿದ್ದರು. ಈಚಲು ಎಂದರೆ ನಮ್ಮಲ್ಲಿ ಎಲ್ಲರಿಗೂ ಸೇಂದಿಯೇ ನೆನಪಾಗುವುದು. ಆದರೆ ಹುಳಿಯಾಗುವ ಮುಂಚಿನ ರಸ ನೀರಾ. ಮಡಕೆಯ ಒಳಮೈಗೆ ಸುಣ್ಣ ಬಳಿದು, ಬೆಳಕು ಹರಿಯುತ್ತಲೇ ಇಳಿಸಿ, ತಡಮಾಡದೆ ಒಲೆಗಿಟ್ಟರೆ ಅದು ಹುಳಿಯಾಗದೆ ಬೆಲ್ಲವಾಗುತ್ತದೆ. ಬಣ್ಣ ಕಪ್ಪು, ಹೊಗೆಯ ಘಮಲು, ರುಚಿಯಂತೂ ಹೇಳಿ ಮುಗಿಯುವುದಿಲ್ಲ. ಸಜ್ಜೆ ರೊಟ್ಟಿ ಪುಡಿಮಾಡಿ ಆ ಬೆಲ್ಲ ಬೆರೆಸಿದ ಮಾಲ್ದಿ ತಿಂದಿದ್ದೇನೆ, ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ.

ಹನ್ನೊಂದು ಮನೆಗಳಲ್ಲಿ ಮುಂದಾಳು ದುರುಗಪ್ಪ. ಐವತ್ತರ ಮೇಲೆ ವಯಸ್ಸು, ಮಾತು ಕಡಿಮೆ. ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಮರ ಏರಿದನೆಂದರೆ ಅಳಿಲೇ. ಮರದ ತಲೆಯ ಕೆಳಗೆ ಒಂದು ಬದಿಯ ಗರಿ ಸವರಿ, ತೊಗಟೆಯನ್ನು ಕತ್ತಿಯಿಂದ ನಯವಾಗಿ ಕೆತ್ತಿ, ಬಿದಿರಿನ ಸೀಳು ಸಿಕ್ಕಿಸಿ, ಅದರ ಬಾಯಿಗೆ ಮಡಕೆ ಕಟ್ಟುತ್ತಿದ್ದ. ಮೂರು ದಿನ ಕೆತ್ತಿದರೆ ಮೂರು ದಿನ ಬಿಡುವು. ಈ ವರ್ಷ ಮರದ ಎಡಗಡೆ ಕೆತ್ತಿದರೆ ಮುಂದಿನ ಸಲ ಬಲಗಡೆ. ಹಾಗಾಗಿ ಹಳೆಯ ಮರದ ಬೊಡ್ಡೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು.

ದುರುಗಪ್ಪನ ಪಾಲಿನ ಮಾತನ್ನೂ ಅವನ ಹೆಂಡತಿ ಹನುಮಕ್ಕನೇ ಆಡುತ್ತಿದ್ದಳು. ಬೆಲ್ಲದ ಒಲೆ ಅವಳದು. ಹಳ್ಳದ ದಂಡೆಯ ಗರಿಯ ಚಪ್ಪರದಲ್ಲಿ ಕೂತು ಉದ್ದನೆಯ ಸೌಟಿನಿಂದ ಪಾಕ ತಿರುವುತ್ತ, ಬಂದವರನ್ನೆಲ್ಲ ಕೀಟಲೆ ಮಾಡುವುದು ಅವಳ ಕೆಲಸ. ನಾನು ಮೊದಲ ಸಲ ಹೋದಾಗ ಟೋಪಿಯಿಂದ ಬೂಟಿನವರೆಗೆ ನೋಡಿ, “ಇಷ್ಟು ಬಿಗಿಯಾಗಿ ಬಟ್ಟಿ ಹಾಕ್ಕಂಡು ಉಸುರು ಹೆಂಗ ಬಿಡ್ತೀರಿ ಸಾಹೇಬ್ರ?” ಎಂದಿದ್ದಳು.

೧೯೯೭ರ ಸೆಪ್ಟೆಂಬರ್‌ನಲ್ಲಿ ನಮ್ಮ ವಿಭಾಗಕ್ಕೆ ಹೊಸ ಡಿಸಿಎಫ್ ಬಂದರು. ಡಿಸಿಎಫ್ ಎಂದರೆ ಹಲವು ವಲಯಗಳ ಮೇಲಿನ ದೊಡ್ಡ ಅಧಿಕಾರಿ. ವನ್ಯಪ್ರಾಣಿಗಳ ಬಗ್ಗೆ ಅಪಾರ ಪ್ರೀತಿಯಿದ್ದ ಮನುಷ್ಯ. ಅವರು ಬಂದ ವಾರದಲ್ಲೇ ಪಕ್ಕದ ಹೊಲಗಳವರು ಒಂದು ಅರ್ಜಿ ಕೊಟ್ಟರು: ಕರಡಿ ಶೇಂಗಾ ಹೊಲಕ್ಕೆ ಬರುತ್ತಿದೆ. ಡಿಸಿಎಫ್ ನನ್ನನ್ನು ಕರೆಸಿ ಕೇಳಿದರು.

“ಈಚಲನ್ನು ಕೆತ್ತಿದರೆ ಹಣ್ಣು ಕಡಿಮೆ ಬಿಡುತ್ತದೆ, ಅಲ್ಲವೇ?”

“ಹೌದು ಸರ್.”

“ಹಾಗಾದರೆ ಕರಡಿಯ ಊಟ ಕಿತ್ತು ಬೆಲ್ಲ ಮಾಡುತ್ತಿದ್ದೇವೆ. ಈ ವರ್ಷದಿಂದ ಅನುಮತಿ ನಿಲ್ಲಿಸಿ.”

ನನಗೆ ದುರುಗಪ್ಪನ ಮುಖ ಕಣ್ಣ ಮುಂದೆ ಬಂತು. ಆ ಹನ್ನೊಂದು ಮನೆಯವರಿಗೆ ಬೇರೆ ಕೆಲಸ ಗೊತ್ತಿಲ್ಲವೆಂದಲ್ಲ. ಆದರೆ ಈ ಕೆಲಸ ಅವರ ಹಾಗೆ ಬಲ್ಲವರು ಇಡೀ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ. ಅದು ನಿಂತರೆ ಅಲ್ಲಿಗೇ ಮುಗಿಯಿತು. ನಾನು ಎರಡು ದಿನ ಸಮಯ ಕೇಳಿ ಬಂದೆ. ಎರಡನೇ ದಿನ ಸ್ನಾನ ಮಾಡುವಾಗ ತಲೆಗೊಂದು ಉಪಾಯ ಹೊಳೆಯಿತು ನೋಡಿ, ಸೋಪು ತೊಳೆದುಕೊಳ್ಳದೆ ಹೊರಗೆ ಬಂದು ಬರೆದುಕೊಂಡೆ.

ಈಚಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಣ್ಣು ಬಿಡುವುದು ಹೆಣ್ಣು ಮರ ಮಾತ್ರ. ಅಂದಮೇಲೆ ಹೆಣ್ಣು ಮರಗಳನ್ನೆಲ್ಲ ಕರಡಿಗೆ ಬಿಟ್ಟು, ಗಂಡು ಮರಗಳನ್ನಷ್ಟೇ ಕೆತ್ತಿದರೆ? ಕರಡಿಗೂ ಊಟ, ದುರುಗಪ್ಪನಿಗೂ ಬೆಲ್ಲ. ಎಷ್ಟು ಸರಳ, ಎಷ್ಟು ಚೆಂದ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಡಿಸಿಎಫ್‌ಗೂ ಹಿಡಿಸಿತು. “ಒಂದು ವರ್ಷ ನೋಡೋಣ. ಜೂನ್‌ನಲ್ಲಿ ನಾನೇ ಬರುತ್ತೇನೆ. ಕರಡಿಗೆ ಹಣ್ಣಿದ್ದರೆ ಅನುಮತಿ ಮುಂದುವರಿಸುತ್ತೇನೆ. ಇಲ್ಲದಿದ್ದರೆ ಇನ್ನು ಆ ವನದಲ್ಲಿ ಕತ್ತಿ ಆಡಕೂಡದು” ಎಂದು ಬರೆದುಕೊಟ್ಟರು.

ನಾನು ಬಣ್ಣದ ಡಬ್ಬಿ ಹಿಡಿದು ಜೋಡಿಹಳ್ಳಕ್ಕೆ ಹೋದೆ. ಜೊತೆಗೆ ನಮ್ಮ ಗಾರ್ಡ್ ಕೊಟ್ರಪ್ಪ. ಕೊಟ್ಟೂರಿನವನೇ. ಹೇಳಿದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚು ಮಾಡುವ ಉತ್ಸಾಹಿ, ಅದು ಗುಣವೋ ದೋಷವೋ ಕೊನೆಯವರೆಗೂ ನನಗೆ ತಿಳಿಯಲಿಲ್ಲ. ಹಳೆಯ ಗೊನೆಯ ಒಣಕಡ್ಡಿ ನೋಡಿ ದುರುಗಪ್ಪ ಇದು ಹೆಣ್ಣು, ಇದು ಗಂಡು ಎಂದು ತೋರಿಸುತ್ತ ಹೋದ. ಕೊಟ್ರಪ್ಪ ಗಂಡಿಗೆ ಕೆಂಪು ಪಟ್ಟಿ, ಹೆಣ್ಣಿಗೆ ಬಿಳಿ ಪಟ್ಟಿ ಬಳಿದ. ಕೆಂಪು ನೂರ ಎಪ್ಪತ್ತು, ಬಿಳಿ ಇನ್ನೂರ ನಲವತ್ತು. ನಕ್ಷೆ ನೋಡಲು ಕಣ್ಣಿಗೆ ಹಬ್ಬವಾಗಿತ್ತು.

ವನದ ಮೂಡಣ ಅಂಚಿಗೆ ಬಂದಾಗ ಒಂದು ವಿಚಿತ್ರ ಕಂಡಿತು. ಅಲ್ಲಿನ ಸುಮಾರು ಐವತ್ತು ಮರಗಳ ಬೊಡ್ಡೆಗೆ, ಎದೆಮಟ್ಟದಲ್ಲಿ, ಈಚಲ ಗರಿಯನ್ನೇ ಹುರಿ ಮಾಡಿ ಗಂಟು ಕಟ್ಟಿದ್ದರು. ಎಲ್ಲವೂ ಗಂಡು ಮರಗಳು. ಒಂದರ ಮೇಲೂ ಕೆತ್ತಿದ ಗುರುತಿಲ್ಲ.

“ಇದೇನು ದುರುಗಪ್ಪ?”

“ಗಂಟಿನ ಮರ ರೀ. ಇವನ್ನ ಕೆತ್ತಂಗಿಲ್ಲ.”

“ಯಾಕೆ?”

“ಅವಕ್ಕ ಬಿಡುವು ಐತ್ರಿ. ನಮ್ಮಪ್ಪನೂ ಕೆತ್ತಿಲ್ಲ, ಅವರಪ್ಪನೂ ಕೆತ್ತಿಲ್ಲ.”

“ಅದೇ ಯಾಕೆ ಅಂತ ಕೇಳಿದ್ದು. ಕಾರಣ ಏನು?”

ದುರುಗಪ್ಪ ತಲೆ ಕೆರೆದುಕೊಂಡ. “ಹಿರೇರು ಹಂಗ ಮಾಡ್ಯಾರ್ರಿ” ಎಂದ. ನನಗೆ ಕೋಪ ಬಂತು. ಒಂದೇ ಒಂದು ಗಂಡು ಮರವನ್ನೂ ಬಿಡದೆ ಕೆತ್ತಿದರೆ ಮಾತ್ರ ಹೆಣ್ಣು ಮರಗಳನ್ನು ಬಿಟ್ಟ ನಷ್ಟ ಸರಿಹೋಗುವ ಲೆಕ್ಕ ನನ್ನದು. ಇವನ ಒಳ್ಳೆಯದಕ್ಕೇ ನಾನು ಒದ್ದಾಡುತ್ತಿದ್ದರೆ ಇವನು ಅಪ್ಪ, ಅಜ್ಜ ಎನ್ನುತ್ತಾನಲ್ಲ! “ಹೆಣ್ಣು ಮರ ಮುಟ್ಟುವ ಹಾಗಿಲ್ಲ, ಈ ಐವತ್ತೂ ಇಲ್ಲ ಅಂದರೆ ಬೆಲ್ಲ ಬಂಡೆಯಿಂದ ಕಾಸ್ತೀಯಾ?” ಎಂದು ಗದರಿ, ಕೊಟ್ರಪ್ಪನಿಗೆ ಗಂಟುಗಳನ್ನು ಬಿಚ್ಚಲು ಹೇಳಿದೆ. ಕೊಟ್ರಪ್ಪ ಬಿಚ್ಚಿದ್ದಷ್ಟೇ ಅಲ್ಲ, ಒಟ್ಟುಮಾಡಿ ಸುಟ್ಟೇ ಬಿಟ್ಟ.

ಆಗ ಚಪ್ಪರದಿಂದ ಹನುಮಕ್ಕ ಕೂಗಿ ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. “ಗಂಡಸರನ್ನೆಲ್ಲಾ ದುಡಿಯಾಕ ಹಚ್ಚಿದ್ರ ಲಗ್ನ ಯಾರು ಆಗಬೇಕ್ರಿ ಸಾಹೇಬ್ರ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಇದೂ ಅವಳ ಒಂದು ಕೀಟಲೆ ಎಂದುಕೊಂಡು ನಕ್ಷೆ ಮಡಚಿ ಜೀಪು ಹತ್ತಿದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವನು ನಾನು. ಪಾಠ ಹೇಳಿದವಳು ಅವಳು. ಅದು ತಲೆಗೆ ಹೋಗಲು ಐದು ತಿಂಗಳು ಬೇಕಾಯಿತು.

ಆ ಚಳಿಗಾಲ ಎಲ್ಲ ಸುಸೂತ್ರವಾಗಿ ನಡೆಯಿತು. ಬೆಲ್ಲ ಸುಮಾರಾಗಿ ಇಳಿಯಿತು, ಡಿಸಿಎಫ್‌ಗೆ ತಿಂಗಳ ವರದಿ ಹೋಯಿತು. ಮಾರ್ಚ್ ಮೊದಲ ವಾರ, ಒಂದು ಮಧ್ಯಾಹ್ನ, ದುರುಗಪ್ಪ ಹನುಮಕ್ಕ ಇಬ್ಬರೂ ಕಚೇರಿಗೆ ಬಂದರು. ದುರುಗಪ್ಪನಂತೂ ಎಂದೂ ಕಚೇರಿಯ ಮೆಟ್ಟಿಲು ಹತ್ತಿದವನಲ್ಲ. ಹನುಮಕ್ಕನ ಮುಖದಲ್ಲಿ ನಗು ಇರಲಿಲ್ಲ. ಅದನ್ನು ಕಂಡೇ ನನಗೆ ಅರ್ಧ ದಿಗಿಲಾಯಿತು.

“ಒಂದಿಷ್ಟು ಹಳ್ಳಕ್ಕ ಬಂದು ಹೋಗ್ರಿ ಸಾಹೇಬ್ರ” ಎಂದಳು.

ಹೋದೆ. ಹೆಣ್ಣು ಮರಗಳಲ್ಲಿ ಹೊಂಬಾಳೆ, ಅಂದರೆ ಹೂಗೊನೆಯ ದೋಣಿಯಂಥ ಹೊದಿಕೆ, ಒಂದೊಂದಾಗಿ ಬಿಚ್ಚುತ್ತಿತ್ತು. ಒಳಗೆ ಹಸಿರು ಮಣಿ ಪೋಣಿಸಿದಂಥ ಹೂವು. ಚೆನ್ನಾಗಿಯೇ ಇತ್ತಲ್ಲ! ಹನುಮಕ್ಕ ನನ್ನನ್ನು ಮೂಡಣ ಅಂಚಿಗೆ, ಆ ಐವತ್ತು ಮರಗಳ ಬಳಿಗೆ ಕರೆದುಕೊಂಡು ಹೋಗಿ ಒಂದು ಮರಕ್ಕೆ ಕಟ್ಟಿಗೆಯಿಂದ ಹೊಡೆದಳು.

“ಈ ದಿವಸದಾಗ ಹಿಂಗ ಬಡಿದ್ರ ಮೈಮ್ಯಾಲ ಹಿಟ್ಟು ಉದುರಬೇಕ್ರಿ. ನೋಡ್ರಿ, ಏನರ ಉದುರತೇನು?”

ಏನೂ ಉದುರಲಿಲ್ಲ. ಕತ್ತೆತ್ತಿ ನೋಡಿದೆ. ಗಂಡು ಮರಗಳಲ್ಲಿ ಹೊಂಬಾಳೆಯೇ ಇಲ್ಲ. ಇದ್ದವೂ ಬೆರಳಿನಷ್ಟು ಸಣ್ಣವು, ಮುರುಟಿದವು. ಚಳಿಗಾಲವೆಲ್ಲ ರಸ ಬಸಿದುಕೊಟ್ಟ ಮರಕ್ಕೆ ಹೂ ಬಿಡುವ ಕಸುವು ಉಳಿದಿರಲಿಲ್ಲ. ಗಂಡು ಹೂವಿನ ಹಿಟ್ಟು, ಅಂದರೆ ಪರಾಗ, ಗಾಳಿಯಲ್ಲಿ ಹಾರಿ ಹೆಣ್ಣು ಹೂವಿಗೆ ತಾಗಿದರೆ ತಾನೇ ಕಾಯಿ? ಶಿವರಾತ್ರಿಯ ಆಸುಪಾಸಿನಲ್ಲಿ ಅಲ್ಲಿ ಬೀಸುವುದು ಮೂಡಣ ಗಾಳಿ. ಮೂಡಣ ಅಂಚಿನ ಐವತ್ತು ಗಂಡು ಮರಗಳಿಗೆ ಯಾಕೆ ಬಿಡುವು ಎಂಬುದು ಆಗ, ಆ ಬಿಸಿಲಿನಲ್ಲಿ ನಿಂತಾಗ, ನನಗೆ ಬಟಾಬಯಲಾಯಿತು. ದುರುಗಪ್ಪನ ಅಜ್ಜನಿಗೆ ಪರಾಗವೆಂಬ ಶಬ್ದ ಗೊತ್ತಿರಲಿಕ್ಕಿಲ್ಲ. ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಜೂನ್‌ನಲ್ಲಿ ಡಿಸಿಎಫ್ ಬರುತ್ತಾರೆ. ಹಣ್ಣಿರುವುದಿಲ್ಲ. ವನಕ್ಕೆ ಬೀಗ. ಕರಡಿಗೂ ಉಪವಾಸ. ಅದೂ ನನ್ನ ಜಾಣತನದಿಂದ! ಮರಳಿನ ಮೇಲೆ ಹಾಗೇ ಕುಕ್ಕರಿಸಿದೆ.

“ದುರುಗಪ್ಪ, ತಪ್ಪಾಯ್ತಪ್ಪ. ನಿನ್ನ ಮಾತು ಕೇಳಬೇಕಾಗಿತ್ತು” ಎಂದೆ. ಇಪ್ಪತ್ತನಾಲ್ಕು ವರ್ಷದ ನೌಕರಿಯಲ್ಲಿ ನಾನು ಆ ವಾಕ್ಯ ಆಡಿದ್ದು ಅದೇ ಮೊದಲು. ಆಡಿದ ಮೇಲೆ ಪ್ರಾಣವೇನೂ ಹೋಗಲಿಲ್ಲ.

ದುರುಗಪ್ಪ ಮರಗಳ ಕಡೆ ನೋಡುತ್ತ, “ಅರ್ಧಕ್ಕರ್ಧ ಹೆಣ್ಣು ಹೊಂಬಾಳಿ ಇನ್ನೂ ಬಿಚ್ಚಿಲ್ರಿ” ಎಂದ. ಹನುಮಕ್ಕನ ಮುಖಕ್ಕೆ ನಗು ತಿರುಗಿ ಬಂತು.

“ಅಲ್ರೀ, ಊರಾಗ ವರ ಇಲ್ಲಂದ್ರ ಪರ ಊರಿಂದ ತರಾದಪ್ಪ! ನಮ್ಮ ತವರು ಚಿಗಟೇರಿ ಕಡಿ. ಅಲ್ಲಿ ಹಳ್ಳದಾಗ ಗಂಡು ಈಚಲು ಬೇಕಾದಷ್ಟು ಅದಾವ. ನಮ್ಮಣ್ಣ ಕೊಯ್ದು ಕೊಡ್ತಾನ.”

ಖರ್ಜೂರ ಬೆಳೆಯುವ ದೇಶಗಳಲ್ಲಿ ಗಂಡು ಹೂವನ್ನು ತಂದು ಹೆಣ್ಣು ಗೊನೆಗೆ ಕೈಯಾರೆ ತಾಗಿಸುತ್ತಾರೆಂದು ನಾನು ಎಂದೋ ಓದಿದ್ದೆ. ಈಚಲು ಖರ್ಜೂರದ ತಂಗಿಯೇ. ಆಗದೆ ಏನು? ಹರಪನಹಳ್ಳಿ ಕಡೆಯ ಆರ್‌ಎಫ್‌ಒ ನನ್ನ ಬ್ಯಾಚಿನ ಗೆಳೆಯ. ಫೋನ್ ಮಾಡಿ ಅವನ ಕಾಡಿನ ಹೂ ಕೊಯ್ಯಲು ಒಪ್ಪಿಗೆ ಕೇಳಿದೆ. “ಜೀವಮಾನದಲ್ಲಿ ನನ್ನ ಹತ್ತಿರ ಹೂ ಕೇಳಿದವನು ನೀನೊಬ್ಬನೇ ಮಾರಾಯ, ತಗೊಂಡು ಹೋಗು” ಎಂದ.

ನಮ್ಮ ಜೀಪು ಗೇರ್‌ಬಾಕ್ಸ್ ಬಿಚ್ಚಿಸಿಕೊಂಡು ಹಗರಿಬೊಮ್ಮನಹಳ್ಳಿಯ ಗ್ಯಾರೇಜಿನಲ್ಲಿ ಮಲಗಿತ್ತು. ಅದರ ದಾರಿ ಕಾಯುತ್ತ ಕೂತರೆ ಇಲ್ಲಿ ಹೊಂಬಾಳೆ ಒಂದೊಂದಾಗಿ ಬಿಚ್ಚಿ ಒಣಗುತ್ತಿತ್ತು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಕೊಟ್ಟೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಚಿಗಟೇರಿ ಸೇರಿದೆವು. ನಾನು, ಹನುಮಕ್ಕ, ಕೊಟ್ರಪ್ಪ. ದುರುಗಪ್ಪ ಉಳಿದವರನ್ನು ಕೂಡಿಸಿಕೊಂಡು ಮರ ಹತ್ತಲು ಸಜ್ಜಾಗಿ ಊರಲ್ಲೇ ಉಳಿದ.

ಹನುಮಕ್ಕನ ಅಣ್ಣ ಮರವೇರಿ ಹೊಂಬಾಳೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಒತ್ತಿದರೆ ಕರಕರ ಎನ್ನಬೇಕು. ಹಾಗಿದ್ದರೆ ಒಳಗೆ ಹಿಟ್ಟು ಹಣ್ಣಾಗಿದೆ, ಇನ್ನೂ ಹಾರಿಹೋಗಿಲ್ಲ ಎಂದರ್ಥ. ಅಂಥದ್ದನ್ನೇ ಕೊಯ್ದು ಇಳಿಸಿದ. ಅದೂ ಒಂದು ಮರಕ್ಕೆ ಒಂದೇ. ಇನ್ನೊಂದು ಕೊಯ್ಯಪ್ಪ ಎಂದು ನಾನು ಅವಸರಪಡಿಸಿದರೆ ಹನುಮಕ್ಕ ಕಣ್ಣು ಬಿಟ್ಟಳು. “ನಮ್ಮೂರು ಹಾಳು ಮಾಡಿದ್ದು ಸಾಲದಾತೇನ್ರಿ? ಇಲ್ಲಿ ಕನ್ಯಾಗಳಿಗೂ ವರ ಬೇಕಲ್ರಿ.”

ಹಳೆಯ ಪೇಪರಿನಲ್ಲಿ ಸುತ್ತಿ ಎರಡು ಗೋಣಿಚೀಲ ತುಂಬಿಸಿದೆವು. ಮರಳುವ ಬಸ್ಸಿನಲ್ಲಿ ಚೀಲಗಳನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದೆ. ರಸ್ತೆಯ ಗುಂಡಿಗಳಿಗೆ ಬಸ್ಸು ಎತ್ತಿ ಎತ್ತಿ ಹಾಕಿದಾಗಲೆಲ್ಲ ಚೀಲದ ಸಂದಿಯಿಂದ ಬಿಳಿ ಹಿಟ್ಟು ಭುಸ್ ಎಂದು ಏಳುತ್ತಿತ್ತು. ನನ್ನ ಖಾಕಿ ಪ್ಯಾಂಟು ಬಿಳಿಯಾಯಿತು, ಮೀಸೆ ಬಿಳಿಯಾಯಿತು. ಕಂಡಕ್ಟರ್ ಬಂದು ನನ್ನನ್ನೂ ಚೀಲವನ್ನೂ ನೋಡಿದ.

“ಏನ್ರೀ ಸಾಹೇಬ್ರ, ಗಿರಣಿಗೆ ಹೋಗಿದ್ರೇನು?”

ನಾನು ಬಾಯಿ ತೆರೆಯುವ ಮುಂಚೆ ಹನುಮಕ್ಕ ಹೇಳಿದಳು: “ಹಿಟ್ಟಲ್ಲಪ್ಪಾ, ವರ! ನಮ್ಮೂರಾಗ ಇನ್ನೂರ ನಲವತ್ತು ಕನ್ಯಾ ಲಗ್ನಕ್ಕ ನಿಂತಾವ. ಗಂಡುಗಳನ್ನ ತಗಂಡು ಹೊಂಟೀವಿ.”

“ಎಷ್ಟು ಮಂದಿ ವರ ಬೇ?”

“ಎರಡು ಚೀಲ.”

ಬಸ್ಸಿಗೆ ಬಸ್ಸೇ ಘೊಳ್ಳೆಂದಿತು. ಹನುಮಕ್ಕ ಇಡೀ ಸಂಗತಿಯನ್ನು ನನ್ನ ಮಂಗತನದ ಸಮೇತ ಉಪ್ಪು ಖಾರ ಹಚ್ಚಿ ಹೇಳಿದಳು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಕೊನೆಗೆ ನನಗೂ ತಡೆಯಲಾಗದೆ ನಗು ಬಂತು. ಕಂಡಕ್ಟರ್ ಗಂಭೀರ ಮುಖದಲ್ಲಿ, “ವರ ಅಂದ್ಮ್ಯಾಲ ಲಗೇಜ್ ಹಾಕಾಕ ಬರಂಗಿಲ್ಲ ಬಿಡ್ರಿ” ಎಂದು ಮುಂದೆ ಹೋದ. ಕೊಟ್ಟೂರಿನಲ್ಲಿ ಇಳಿಯುವಾಗ ಒಬ್ಬ ಮುದುಕಿ ತನ್ನ ಬುಟ್ಟಿಯಿಂದ ಎರಡು ವೀಳ್ಯದೆಲೆ ತೆಗೆದು ಚೀಲದ ಬಾಯಿಗೆ ಸಿಕ್ಕಿಸಿ, ಲಗ್ನ ಚಲೋ ಆಗಲಿ ಎಂದು ಹರಸಿದಳು. ಕೊಟ್ರಪ್ಪ ಆ ಎಲೆಗಳನ್ನು ಜೋಡಿಹಳ್ಳದವರೆಗೂ ಜೋಪಾನ ಮಾಡಿದ.

ಅಂದಿನಿಂದ ಹದಿನೈದು ದಿನ ಜೋಡಿಹಳ್ಳದಲ್ಲಿ ಮದುವೆಯ ಗಡಿಬಿಡಿ. ಗಂಡು ಹೂವಿನ ಎರಡು ಮೂರು ಎಳೆಗಳನ್ನು ತಲೆಕೆಳಗು ಮಾಡಿ, ಆಗಷ್ಟೇ ಬಿಚ್ಚಿದ ಹೆಣ್ಣು ಗೊನೆಯ ನಡುವೆ ಇಟ್ಟು, ಗರಿಯ ಸಿಪ್ಪೆಯಿಂದ ಸಡಿಲವಾಗಿ ಕಟ್ಟಬೇಕು. ಅಷ್ಟೇ ಕೆಲಸ. ಆದರೆ ಈಚಲ ಮುಳ್ಳು ಸಾಮಾನ್ಯದ್ದಲ್ಲ. ಹನ್ನೊಂದು ಮನೆಯ ಗಂಡಸರೂ ಮೈಯೆಲ್ಲ ಗೀರಿಸಿಕೊಂಡು ಹತ್ತಿ ಇಳಿದರು. ಒಂದು ಮೋಟು ಮರವನ್ನು ನಾನೂ ಹತ್ತಿದೆ. ಇಳಿಸಲು ಮೂವರು ಬೇಕಾದರು. ಚಿಗಟೇರಿಗೆ ಇನ್ನೆರಡು ಸಲ ಹೋಗಿ ಬಂದೆವು, ಅದೇ ಕಂಡಕ್ಟರ್ ಸಿಕ್ಕಾಗಲೆಲ್ಲ “ಕನ್ಯಾ ಎಷ್ಟು ಉಳದಾವ್ರಿ?” ಎಂದು ಕೇಳುತ್ತಿದ್ದ.

ಮೊದಲೇ ಬಿಚ್ಚಿದ್ದ ಗೊನೆಗಳು ಕೈಬಿಟ್ಟುಹೋದವು. ಅವುಗಳ ಹೀಚು ಕಡಲೆಕಾಳಿನಷ್ಟಾಗಿ ಉದುರಿತು. ನಾವು ಕಟ್ಟಿದ ನೂರ ಮೂವತ್ತು ಮರಗಳಲ್ಲಿ ಏಪ್ರಿಲ್ ಕೊನೆಗೆ ಕಾಯಿ ದಪ್ಪವಾಗತೊಡಗಿತು. ಹಾಗೆ ಗೊನೆ ಜೋತುಬಿದ್ದದ್ದನ್ನು ಕಂಡಾಗ ನನಗಾದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನನ್ನ ಹೆಂಡತಿ ಓದುವುದಿಲ್ಲವೆಂಬ ಧೈರ್ಯದಿಂದ ಬರೆದಿದ್ದೇನೆ.

ಜೂನ್ ಎರಡನೇ ವಾರ ಡಿಸಿಎಫ್ ಬಂದರು. ಹಳ್ಳಕ್ಕೆ ಇಳಿಯುವ ಕಾಲುದಾರಿಯಲ್ಲಿ ಕರಡಿಯ ಹಿಕ್ಕೆ ಬಿದ್ದಿತ್ತು, ತುಂಬ ಈಚಲ ಬೀಜ. ಅವರು ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಕೆದಕಿ ಖುಷಿಪಟ್ಟರು. ಹತ್ತು ಹೆಜ್ಜೆ ನಡೆದರೆ ಇನ್ನೊಂದು. ಮತ್ತೆ ಹತ್ತು ಹೆಜ್ಜೆಗೆ ಮತ್ತೊಂದು. ದಾರಿಯ ಎಡಗಡೆಗೇ, ಒಂದೇ ಸಾಲಿನಲ್ಲಿ. ಐದನೆಯದರ ಬಳಿ ಡಿಸಿಎಫ್ ನಿಂತು ನನ್ನ ಮುಖ ನೋಡಿದರು.

“ನಿಮ್ಮ ಕರಡಿ ಬಹಳ ಶಿಸ್ತಿನ ಪ್ರಾಣಿ ಕಣ್ರೀ.”

ನಾನು ಕೊಟ್ರಪ್ಪನನ್ನು ನೋಡಿದೆ. ಕೊಟ್ರಪ್ಪ ಆಕಾಶ ನೋಡಿದ. ಸಾಹೇಬರ ಕಣ್ಣಿಗೆ ಎಲ್ಲಿ ಬೀಳದೆ ಹೋದೀತೋ ಎಂದು ಬೆಳಿಗ್ಗೆಯೇ ವನದೊಳಗಿಂದ ಬುಟ್ಟಿಯಲ್ಲಿ ತಂದು ಸಾಲಾಗಿ ಇಟ್ಟಿದ್ದನಂತೆ ಪುಣ್ಯಾತ್ಮ! ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಡಿಸಿಎಫ್ ದಾರಿ ಬಿಟ್ಟು, ತಾವೇ ಮರಗಳ ನಡುವೆ ನುಗ್ಗಿದರು. ಅರ್ಧ ಗಂಟೆ ಅಲೆದರು. ಬೊಡ್ಡೆಗಳ ಮೇಲೆ ಉಗುರಿನ ಹಸಿ ಗೀರು, ಮರಳಿನಲ್ಲಿ ಮರಿಯ ಹೆಜ್ಜೆ, ನೆಲದ ತುಂಬ ಕಿತ್ತಳೆ ಬಣ್ಣದ ಹಣ್ಣು ನೋಡಿಕೊಂಡು, ಬೆವರು ಒರೆಸುತ್ತ ಚಪ್ಪರಕ್ಕೆ ಬಂದರು. ಹನುಮಕ್ಕ ತಂಬಿಗೆಯಲ್ಲಿ ನೀರು, ಜೊತೆಗೆ ಬೆಲ್ಲದ ತುಂಡು ಕೊಟ್ಟಳು. ಹನ್ನೊಂದು ಮನೆಯವರೂ ಸುತ್ತ ನಿಂತಿದ್ದರು.

“ಗೆದ್ದಿರಿ ಕಣ್ರೀ. ಗಂಡು ಮರ ಮಾತ್ರ ಕೆತ್ತುವ ನಿಮ್ಮ ಪದ್ಧತಿ ಅದ್ಭುತ. ವರದಿ ಬರೆದುಕೊಡಿ. ವಿಭಾಗದ ಎಲ್ಲ ಈಚಲವನಕ್ಕೂ ಇದನ್ನೇ ಜಾರಿ ಮಾಡೋಣ” ಎಂದರು.

ಸುಮ್ಮನಿದ್ದರೆ ಅನುಮತಿ ಕೈಯಲ್ಲಿ, ಹೆಸರೂ ನನಗೆ. ಆದರೆ ಎಲ್ಲ ವನಗಳಲ್ಲೂ ಒಂದೇ ವರ್ಷಕ್ಕೆ ಹಣ್ಣು ಸೊನ್ನೆ. ಎಲ್ಲ ಹಳ್ಳಗಳಿಗೂ ವರ ಹೊರಲು ಬಸ್ಸುಗಳು ಸಾಲುವುದಿಲ್ಲ. ಬಾಯಿಬಿಟ್ಟರೆ ಈ ಮನೆಯವರ ಅನುಮತಿ ನನ್ನ ಕಾರಣದಿಂದ ಹೋಗಬಹುದು. ಹನುಮಕ್ಕನ ಕಡೆ ನೋಡಿದೆ. ಅವಳು ತಂಬಿಗೆ ಕೆಳಗಿಟ್ಟು, ಹೇಳಿಬಿಡ್ರಿ ಎಂಬಂತೆ ಒಮ್ಮೆ ತಲೆ ಆಡಿಸಿದಳು.

“ಸರ್, ಆ ಪದ್ಧತಿ ತಪ್ಪು” ಎಂದೆ. ಗಂಟು ಬಿಚ್ಚಿಸಿದ್ದರಿಂದ ಹಿಡಿದು ಬಸ್ಸಿನವರೆಗೆ ಎಲ್ಲ ಹೇಳಿದೆ. ವರದಿ ಒಪ್ಪಿಸುವ ದನಿಯಲ್ಲಿ ಹೇಳಲು ಹೊರಟೆ. ಎರಡು ಚೀಲದ ಹತ್ತಿರ ಬರುವಾಗ ಡಿಸಿಎಫ್ ತುಟಿ ಕಚ್ಚಿಕೊಂಡಿದ್ದರು, ಕಂಡಕ್ಟರನ ಮಾತಿಗೆ ತಡೆಯಲಾರದೆ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ನನ್ನನ್ನು ಬಿಟ್ಟು ಹನುಮಕ್ಕನ ಕಡೆ ತಿರುಗಿದರು.

“ಹಾಗಾದರೆ ಏನು ಮಾಡಬೇಕಮ್ಮ? ನೀವೇ ಹೇಳಿ, ನಾನು ಬರೆದುಕೊಳ್ಳುತ್ತೇನೆ.”

“ಮೂಡಲ ದಂಡಿ ಗಂಟಿನ ಮರ ಯಾರೂ ಮುಟ್ಟಬಾರದ್ರಿ. ಉಳದದ್ರಾಗ ಒಂದು ವರ್ಷ ಕೆತ್ತಿದ್ದಕ್ಕ ಎರಡು ವರ್ಷ ಬಿಡುವು, ಗಂಡಿರಲಿ ಹೆಣ್ಣಿರಲಿ. ಒಣಗಿದ ಮರ ಕಡಿಯಾಕ ಹೇಳಬ್ಯಾಡ್ರಿ, ಅದರಾಗ ಗೂಗಿ ಇರ್ತಾವ. ಗೀಜಗ ಗೂಡು ಕಟ್ಟಿದ ಗರಿ ಸವರಾಕ ಹೋಗಬ್ಯಾಡ್ರಿ. ಇಷ್ಟ ನೋಡ್ರಿ. ನಮ್ಮ ಹಿರೇರು ಮಾಡಿದ್ದೂ ಇದನ್ನ.”

“ಶೇಂಗಾ ಹೊಲಕ್ಕೆ ಕರಡಿ ಯಾಕೆ ಹೋಗಿತ್ತು ಮತ್ತೆ?” ಡಿಸಿಎಫ್ ಕೇಳಿದರು.

ದುರುಗಪ್ಪ ಆ ದಿನ ಆಡಿದ ಒಂದೇ ಮಾತು: “ಶೇಂಗಾ ರುಚಿ ಇರ್ತಾವಲ್ರಿ.”

ಹಣ್ಣು ಜೂನ್‌ಗೆ ಮುಗಿಯುತ್ತದೆ, ಶೇಂಗಾ ಬಲಿಯುವುದು ಸೆಪ್ಟೆಂಬರ್‌ನಲ್ಲಿ. ನಾವಿಬ್ಬರೂ ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಡಿಸಿಎಫ್ ಅಲ್ಲೇ, ಮೊಣಕಾಲ ಮೇಲೆ ಫೈಲಿಟ್ಟುಕೊಂಡು, ಹನುಮಕ್ಕ ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಬರೆದು ಮೂರು ವರ್ಷದ ಅನುಮತಿಗೆ ಸಹಿ ಹಾಕಿದರು. ನನಗೆ ಒಂದು ಮೆಮೊ ಬರುತ್ತದೆಂದು ಕಾದೆ. ಬರಲಿಲ್ಲ. ಮೆಮೊ ಬಂದದ್ದು ಕೊಟ್ರಪ್ಪನಿಗೆ, ಹಿಕ್ಕೆ ಸಾಗಿಸಿದ್ದಕ್ಕೆ. ಅದನ್ನು ಅವನು ಬಹುಕಾಲ ಜೇಬಿನಲ್ಲಿಟ್ಟುಕೊಂಡು ಎಲ್ಲರಿಗೂ ತೋರಿಸುತ್ತಿದ್ದ.

ಆ ದೀಪಾವಳಿಗೆ ಮೂಡಣ ಅಂಚಿನ ಮರಗಳಿಗೆ ಮತ್ತೆ ಗಂಟು ಕಟ್ಟಿದರು. ಮೊದಲ ಗಂಟನ್ನು ನನ್ನ ಕೈಯಲ್ಲೇ ಕಟ್ಟಿಸಿದರು. ಮೂರು ಸಲ ಸಡಿಲವಾಗಿ, ನಾಲ್ಕನೆಯ ಸಲ ನಿಂತಿತು. ಮಾರ್ಚ್‌ನಲ್ಲಿ ಹೋಗಿ ಕಟ್ಟಿಗೆಯಿಂದ ಬೊಡ್ಡೆಗೆ ಬಡಿದೆ. ತಲೆಯ ಮೇಲೆ ಹಿಟ್ಟು ಸುರಿಯಿತು.

ನನ್ನ ವೃತ್ತಿ ನನಗೆ ಕಲಿಸಿದ್ದನ್ನು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಕಾಡಿನಲ್ಲಿ ತಲೆಮಾರಿನಿಂದ ನಡೆದು ಬಂದ ಒಂದು ಕಟ್ಟಳೆ ಕಂಡಾಗ, ಕಾರಣ ಹೇಳಲು ಅಲ್ಲಿನವರಿಗೆ ಬರಲಿಲ್ಲವೆಂದ ಮಾತ್ರಕ್ಕೆ ಕಾರಣವೇ ಇಲ್ಲವೆಂದುಕೊಳ್ಳಬಾರದು. ಕಾರಣ ಹುಡುಕುವುದು ಸಂಬಳ ತೆಗೆದುಕೊಳ್ಳುವ ನಮ್ಮ ಕೆಲಸ. ಹುಡುಕಿ ಸಿಗುವವರೆಗೆ ಗಂಟಿಗೆ ಕೈ ಹಾಕಬಾರದು. ಹಾಗೆಯೇ, ಯಾರಾದರೂ ನಗುತ್ತ ಹೇಳಿದ್ದನ್ನು ತಮಾಷೆಯೆಂದು ಬಿಡುವ ಮುಂಚೆ ಇನ್ನೊಮ್ಮೆ ಯೋಚಿಸಬೇಕು.

೨೦೦೬ರಲ್ಲಿ ನಾನು ಹಡಗಲಿಯಲ್ಲಿ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಹಾರ, ಶಾಲು, ಭಾಷಣ ಎಲ್ಲ ಮುಗಿಯುವ ಹೊತ್ತಿಗೆ ದುರುಗಪ್ಪ, ಹನುಮಕ್ಕ ಎರಡು ಬಸ್ಸು ಬದಲಿಸಿ ಬಂದಿಳಿದರು. ಬಟ್ಟೆಯಲ್ಲಿ ಕಟ್ಟಿದ ಬೆಲ್ಲ ಕೈಗಿಟ್ಟರು. ಹನುಮಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬಾಯಿ ಮಾತ್ರ ಹಾಗೇ ಇತ್ತು. ಎಲ್ಲರೆದುರು ನನ್ನ ಬಲಗೈ ಹಿಡಿದು, ಸೆರಗಿನಿಂದ ಈಚಲ ಗರಿಯ ಹುರಿ ತೆಗೆದು ಮಣಿಕಟ್ಟಿಗೆ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು.

“ಮೂವತ್ತು ವರ್ಷ ಕೆತ್ತಿಸಿಕೊಂಡೀರಿ” ಎಂದಳು. “ಗಂಟು ಕಟ್ಟೀನಿ ಸಾಹೇಬ್ರ. ಇನ್ನ ಈ ಮರಾನ ಯಾರೂ ಮುಟ್ಟಂಗಿಲ್ಲ.”